ಪರದೆಯಾಚೆಗೊಂದು ಭುಜ

ಮದುವೆಯಾಗಿ ಬಹಳ ವರ್ಷವಾದ ಹೆಂಗಸರ ಗುಟ್ಟಾದ ಆಸೆಗಳೇನು ಎಂದು ಯಾರಾದರೂ ಕೇಳಿದರೆ ಒಡವೆ, ರೇಷ್ಮೆ ಸೀರೆ, ಕಾಶಿಯಾತ್ರೆ ಎಂದೆಲ್ಲ ಉತ್ತರ ಬಂದೀತು. ಅವೆಲ್ಲ ಬಾಯಿ ಬಿಟ್ಟು ಹೇಳಬಹುದಾದ ಆಸೆಗಳು, ಗುಟ್ಟಿನವಲ್ಲ. ನನ್ನದನ್ನು ಇಲ್ಲಿ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಯಾರೂ ಇಲ್ಲದೆ ಒಂದು ಗಂಟೆ ಸುಮ್ಮನೆ ಕೂರಬೇಕು. ಅಷ್ಟೇ. ಯಾರೂ ಎನ್ನುವುದರಲ್ಲಿ ಮುಖ್ಯವಾಗಿ ನನ್ನ ಗಂಡ ಸೇರುತ್ತಾರೆ. ಹಾಗೆಂದು ಅವರು ಕೆಟ್ಟವರೇನಲ್ಲ. ಮೈಸೂರಿನ ಕಡೆಯವರು, ಮೆತ್ತಗಿನ ಮಾತು, ಇಲ್ಲಿ ಕೋಲ್ಕತ್ತಾದ ವಿಶ್ವವಿದ್ಯಾಲಯವೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಪಾಚಿಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಪಾಚಿಗೂ ಗೊತ್ತಿರಲಾರದು. ಅವರ ತೊಂದರೆ ಒಂದೇ. ಚಲಿಸುವ ಯಾವ ವಾಹನದಲ್ಲಿ ಕೂತರೂ ಅವರಿಗೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದ ಕೂಡಲೇ ಅವರ ತಲೆ ನನ್ನ ಎಡಭುಜದ ಮೇಲೆ ಬಂದು ಕೂರುತ್ತದೆ.

ರೈಲಿರಲಿ, ಬಸ್ಸಿರಲಿ, ವಿಮಾನವಿರಲಿ, ಆ ತಲೆಗೆ ಭೇದಭಾವವಿಲ್ಲ. ಒಳಗೆ ವಿದ್ಯೆ ತುಂಬಿರುವುದಕ್ಕೋ ಏನೋ ಭಾರವೂ ಚೆನ್ನಾಗಿದೆ. ಮೊದಲ ವರ್ಷಗಳಲ್ಲಿ ನನಗೆ ಅದೊಂದು ಹೆಮ್ಮೆ. ಎದುರು ಸೀಟಿನ ಹೆಂಗಸರ ಕಡೆ ನೋಡಿ, ಪಾಪ, ನನ್ನನ್ನು ಬಿಟ್ಟರೆ ಇವರಿಗೆ ಗತಿಯಿಲ್ಲ ಎನ್ನುವಂತೆ ಮುಗುಳ್ನಗುತ್ತಿದ್ದೆ. ಆಮೇಲಾಮೇಲೆ ಭುಜ ಹಿಡಿದುಕೊಳ್ಳತೊಡಗಿತು. ಹೋದ ವರ್ಷ ನೋವು ಜಾಸ್ತಿಯಾಗಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳ ಹತ್ತಿರ ಹೋದೆ. ಅವಳು ನನ್ನ ಭುಜವನ್ನು ಅಲ್ಲಿ ಇಲ್ಲಿ ಒತ್ತಿ, "ಮ್ಯಾಡಮ್, ಈ ಕಡೆ ಭಾರದ ಬ್ಯಾಗ್ ಹಾಕ್ತೀರಾ?" ಎಂದು ಹಿಂದಿಯಲ್ಲಿ ಕೇಳಿದಳು. ಬ್ಯಾಗಲ್ಲಮ್ಮ, ಗಂಡ ಎಂದು ಹೇಳಲಾದೀತೆ? ಹೌದು ಎಂದೆ. ಸ್ವಲ್ಪ ದಿನ ಅದನ್ನು ಮನೆಯಲ್ಲೇ ಬಿಟ್ಟು ಓಡಾಡಿ ಎಂದು ಸಲಹೆ ಕೊಟ್ಟಳು.

ಒಂಟಿಯಾಗಿ ಕೂರುವ ರುಚಿ ನನಗೆ ಹತ್ತಿದ್ದು ದೋಣಿಯಲ್ಲಿ. ನಮ್ಮ ಮನೆ ಹೌರಾದಲ್ಲಿ, ನನ್ನ ಆಫೀಸು ನದಿಯಾಚೆ ಬಿಬಿಡಿ ಬಾಗಿನಲ್ಲಿ. ಮೊದಲೆಲ್ಲ ದಿನಾ ಫೆರ್ರಿಯಲ್ಲಿ ಹೋಗಿ ಬರುತ್ತಿದ್ದೆ. ಸಂಜೆಯ ಹೊತ್ತು ಕಂಬಿಗೆ ಒರಗಿ ನಿಂತರೆ ನೀರಿನ ಮೇಲೆ ಹಳದಿ ಬೆಳಕು, ದೂರದಲ್ಲಿ ಸೇತುವೆ, ಯಾರದೋ ಕೈಯಲ್ಲಿರುವ ಝಾಲ್‌ಮುಡಿ ಎಂಬ ಖಾರದ ಚುರಮುರಿಯ ಪೊಟ್ಟಣದಿಂದ ಬರುವ ಸಾಸಿವೆ ಎಣ್ಣೆಯ ವಾಸನೆ. ಆ ಸ್ವಲ್ಪ ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ, ಯಾವ ಫೈಲಿಗೂ ಸಹಿ ಹಾಕಬೇಕಾದವಳಲ್ಲ. ಹಿಂದೊಮ್ಮೆ ನಾನಾಗಿದ್ದ ಧಾರವಾಡದ ಹುಡುಗಿ ಎಲ್ಲಿಗೋ ತೇಲಿ ಹೋಗುತ್ತಿದ್ದಾಳೆ, ಇಳಿಯುವ ಗಡಿಬಿಡಿ ಇಲ್ಲ ಅನ್ನಿಸುತ್ತಿತ್ತು. ಆಮೇಲೆ ಬಡ್ತಿ ಬಂತು, ಆಫೀಸಿನ ಕಾರು ಬಂತು. ಕಾರು ಸೇತುವೆಯ ಮೇಲೆ ನಿಂತಿರುತ್ತದೆ, ಕೆಳಗೆ ದೋಣಿಗಳು ಹೋಗುತ್ತಿರುತ್ತವೆ. ಬಡ್ತಿಯಿಂದ ನನಗಾದ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದರೆ ಅದೇ ಬಡ್ತಿ ಒಂದು ವರವನ್ನೂ ಕೊಟ್ಟಿತು. ಈ ಚಳಿಗಾಲದಲ್ಲಿ ಗುವಾಹಟಿಯಲ್ಲಿ ಒಂದು ಸಭೆಗೆ ಹೋಗಬೇಕಾಯಿತು. ಆಫೀಸಿನವರು ತಂದುಕೊಟ್ಟ ಟಿಕೆಟ್ಟಿನಲ್ಲಿ ಬಿಸಿನೆಸ್ ಕ್ಲಾಸ್ ಎಂದಿತ್ತು. ಈಗ ನಿಮ್ಮ ದರ್ಜೆಗೆ ಇದೇ ಎಂದರು. ಅದೇ ಹೊತ್ತಿಗೆ ನಮ್ಮವರಿಗೆ ರಜೆ. ಬ್ರಹ್ಮಪುತ್ರದ ದಂಡೆಯ ಪಾಚಿಯನ್ನು ಬಹಳ ದಿನದಿಂದ ನೋಡಬೇಕೆಂದಿದ್ದೆ, ನಾನೂ ಬರುತ್ತೇನೆ ಎಂದು ಹೊರಟರು. ತಮ್ಮ ಟಿಕೆಟ್ಟನ್ನು ತಾವೇ ಮಾಡಿಕೊಂಡರು, ಅದೇ ವಿಮಾನ, ಹಿಂದಿನ ಸಾಲು. ದೆಹಲಿಯಲ್ಲಿ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. "ಅಮ್ಮಾ, ಯು ಇನ್ ಬಿಸಿನೆಸ್, ಅಪ್ಪ ಇನ್ ಎಕಾನಮಿ? ಸೋ ಮೀನ್! ಅಪ್ಪ ಅಲ್ಲಿ ಒಬ್ರೇ ಏನ್ ಮಾಡ್ತಾರೆ?" ಎಂದು ನಕ್ಕಳು. ನಾನು ಬಹಳ ಬೇಜಾರಾದವಳ ದನಿಯಲ್ಲಿ, "ಏನ್ ಮಾಡೂದವಾ, ಸರಕಾರದ ರೂಲು" ಎಂದೆ. ಒಳಗೊಳಗೆ ನನ್ನ ಎಡಭುಜ ಕುಣಿಯುತ್ತಿತ್ತು.

ವಿಮಾನದೊಳಗೆ ಹೋಗಿ ನಾನು ಎಡಗಡೆಯ ಎರಡನೇ ಸಾಲಿನಲ್ಲಿ ನಿಂತೆ, ಅವರು ಇನ್ನೂ ಹಿಂದಕ್ಕೆ ಹೋಗಬೇಕು. ಒಂದು ಕ್ಷಣ ತಿರುಗಿ ನೋಡಿದರು. ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟಂತಾಯಿತು ನನಗೆ. "ಏನಾದರೂ ಬೇಕಂದ್ರ ಹೇಳಿ ಕಳಸ್ರಿ" ಎಂದೆ. ತಲೆಯಾಡಿಸಿ ಹೋದರು. ಅವರ ಓದುವ ಕನ್ನಡಕ, ಅವರ ಮಾತ್ರೆ, ಅವರ ಕೈವಸ್ತ್ರ, ಎಲ್ಲ ನನ್ನ ಕೈಚೀಲದಲ್ಲೇ ಇವೆ ಎಂಬುದು ನನಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೇ ಗಗನಸಖಿಯ ಕೈಲಿ ಒಂದೊಂದಕ್ಕೂ ಬೇಡಿಕೆ ಬರುತ್ತದೆ, ಈ ಗಂಟೆಯೂ ನನ್ನದಲ್ಲ ಎಂದುಕೊಂಡೇ ಕೂತೆ. ವಿಮಾನ ಮೇಲೇರಿತು. ನಡುವಿನ ಪರದೆಯನ್ನು ಎಳೆದರು. ಅಷ್ಟೇ, ಸಂಸಾರ ಆ ಕಡೆ, ನಾನು ಈ ಕಡೆ.

ಓದುಗರೇ, ಆ ಸೀಟಿನ ಬಗ್ಗೆ ಏನು ಹೇಳಲಿ? ಅಗಲ ಎಂದರೆ ಅಗಲ. ನಮ್ಮ ಊರಿನ ಮನೆಯಲ್ಲಿ ಅಷ್ಟು ಜಾಗದಲ್ಲಿ ಮೂವರು ಮಕ್ಕಳನ್ನು ಮಲಗಿಸುತ್ತಿದ್ದರು. ಪಕ್ಕದ ಸೀಟು ಖಾಲಿ. ಪಿಂಗಾಣಿ ತಟ್ಟೆಯಲ್ಲಿ ಬಿಸಿ ಲೂಚಿ, ಅಂದರೆ ಮೈದಾ ಪೂರಿ, ಬಂತು, ಆಲೂಗಡ್ಡೆ ಪಲ್ಯ ಬಂತು, ನನ್ನ ಹೆಸರು ಹಿಡಿದು ಚಹಾ ಬೇಕೆ ಎಂದು ಕೇಳಿದರು. ಕಿಟಕಿಯಾಚೆ ಮೋಡ ಹತ್ತಿ ಹಾಸಿದಂತೆ ಸಮನಾಗಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ದೂರದಲ್ಲಿ, ಉತ್ತರದ ಅಂಚಿನಲ್ಲಿ, ಹಿಮದ ಬೆಟ್ಟಗಳು ಎದ್ದವು. ಮೊದಲು ಅವೂ ಮೋಡವೇ ಎಂದುಕೊಂಡೆ. ಆಮೇಲೆ ನೋಡಿದರೆ ಮೋಡ ಸರಿಯುತ್ತದೆ, ಅವು ಸರಿಯುವುದಿಲ್ಲ. ಬಿಳಿ, ನಸುಗೆಂಪು, ಮತ್ತೆ ಬಿಳಿ. ಕೆಳಗೆ ನೆಲ ಇದೆಯೆಂಬುದೇ ಮರೆತುಹೋಯಿತು. ದೋಣಿಯ ಆ ಹುಡುಗಿ ಎಷ್ಟೋ ದಿನದ ಮೇಲೆ ಬಂದು ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತಳು. ಇಬ್ಬರೂ ಬೆಟ್ಟ ನೋಡಿದೆವು. ಅರ್ಧ ಎಚ್ಚರ, ಅರ್ಧ ಕನಸು. ವಿಮಾನದ ಸದ್ದು ಯಾರೋ ಪಕ್ಕದ ಕೋಣೆಯಲ್ಲಿ ಜೋಗುಳ ಹಾಡಿದ ಹಾಗೆ ಕೇಳುತ್ತಿತ್ತು. ಹೀಗೇ ಎಲ್ಲೂ ಇಳಿಯದೆ ಹೋಗುತ್ತಿದ್ದರೆ ಸಾಕು ಅನ್ನಿಸಿತು.

ಆಗ ಥಟ್ಟನೆ ಒಂದು ಯೋಚನೆ ಬಂತು. ಇಷ್ಟು ಹೊತ್ತಾಯಿತು, ಕನ್ನಡಕ ಇನ್ನೂ ಯಾಕೆ ಕೇಳಲಿಲ್ಲ?

ಕೇಳುತ್ತಾರೆ ಬಿಡು ಎಂದು ಮತ್ತೆ ಬೆಟ್ಟದ ಕಡೆ ನೋಡಿದೆ. ಬೆಟ್ಟ ಅಲ್ಲೇ ಇತ್ತು. ಮಾತ್ರೆಯಾದರೂ ಕೇಳಬಹುದಿತ್ತು. ತಿಂಡಿ ತಿಂದ ಮೇಲೆ ತೆಗೆದುಕೊಳ್ಳುವ ಮಾತ್ರೆ ಅದು. ಗಗನಸಖಿ ಪರದೆ ಸರಿಸಿ ಬಂದಾಗಲೆಲ್ಲ ನಾನು ಕೈಚೀಲದ ಜಿಪ್ಪಿಗೆ ಕೈ ಹಾಕಿಕೊಂಡು ಕೂರುತ್ತಿದ್ದೆ. ಅವಳು ನಕ್ಕು, "ಇನ್ನೇನಾದರೂ ಬೇಕೆ ಮ್ಯಾಡಮ್?" ಎಂದು ಕೇಳಿ ಹೋಗುತ್ತಿದ್ದಳು. ಬೇಕಾದದ್ದು ನನಗಲ್ಲ ತಾಯಿ, ಹಿಂದಿನವರಿಗೆ ಏನೂ ಬೇಡವೇ ಎಂದು ಕೇಳಬೇಕೆನಿಸಿತು. ಪಕ್ಕದ ಸೀಟಿನ ಹುಡುಗಿ ಯಾವಾಗ ಎದ್ದುಹೋದಳೋ ತಿಳಿಯಲಿಲ್ಲ. ಕೊನೆಗೆ ತಡೆಯಲಾಗದೆ ನಾನೇ ಎದ್ದೆ. ಶೌಚಾಲಯ ಮುಂದಿದೆ ಎಂದು ಗಗನಸಖಿ ತೋರಿಸಿದಳು. ಮಾತ್ರೆ ಕೊಡಬೇಕಿತ್ತು ಎಂದು ತೊದಲಿ ಪರದೆ ಸರಿಸಿ ಹಿಂದಕ್ಕೆ ನಡೆದೆ.

ಅರ್ಧ ದೂರದಲ್ಲೇ ಕಂಡಿತು. ಮೂವರ ಸಾಲಿನಲ್ಲಿ ನಮ್ಮವರು ನಡುವೆ. ಕಿಟಕಿಯ ಬಳಿ ಒಬ್ಬ ವಯಸ್ಸಾದ ಬಂಗಾಳಿ ಮಹಾಶಯರು. ತಲೆಗೆ ಮಂಕಿ ಟೋಪಿ, ಕುತ್ತಿಗೆಗೆ ಮಫ್ಲರ್, ಸ್ವೆಟರಿನ ಮೇಲೊಂದು ಸ್ವೆಟರ್, ಅದರ ಮೇಲೆ ಶಾಲು. ಆ ಶಾಲಿನ ಮೇಲೆ ನನ್ನ ಗಂಡನ ತಲೆ. ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ನನ್ನ ಭುಜದ ಮೇಲೆ ಯಾವತ್ತೂ ಮಲಗಿರದಷ್ಟು ಸುಖವಾಗಿ ಮಲಗಿದ್ದರು. ನನ್ನ ಹೊಟ್ಟೆಯಲ್ಲಿ ಏನೋ ಉರಿದಂತಾಯಿತು. ಹೊಟ್ಟೆಕಿಚ್ಚು ಎಂದೇ ಹೇಳಬೇಕು, ಲೂಚಿಯ ಮೇಲೆ ಹಾಕಬಾರದು. ಎಬ್ಬಿಸೋಣವೆಂದು ಕೈ ಚಾಚಿದೆ. ಮಹಾಶಯರು ಅಲುಗಾಡದೆ, ಕಣ್ಣಲ್ಲೇ ನನ್ನನ್ನು ಗದರಿ, ತುಟಿಯ ಮೇಲೆ ಬೆರಳಿಟ್ಟು, "ಘುಮೋತೆ ದಿನ್" ಎಂದು ಪಿಸುಗುಟ್ಟಿದರು. ಮಲಗಲು ಬಿಡಿ ಎಂದರ್ಥ. ಆಮೇಲೆ ನನ್ನನ್ನು ಅನುಮಾನದಿಂದ ನೋಡಿ, ಇವರು ನಿಮಗೆ ಪರಿಚಯವೇ ಎಂದು ಬಂಗಾಳಿಯಲ್ಲೇ ಕೇಳಿದರು.

ನೀವೇ ಹೇಳಿ, ಇಂಥ ಪ್ರಶ್ನೆಗೆ ಏನು ಉತ್ತರ ಕೊಡುವುದು? ತಾಳಿ ತೋರಿಸುವುದೆ? ಅಷ್ಟು ವರ್ಷದ ಸಂಸಾರ ಕಣ್ಣ ಮುಂದೆ ಹಾದುಹೋಯಿತು. "ಎಕ್ಟು," ಎಂದೆ. ಸ್ವಲ್ಪ. ಸ್ವಲ್ಪ ಪರಿಚಯವಿದ್ದವರು ಹೀಗೆ ನಿದ್ದೆಗೆಡಿಸಬಾರದು ಎನ್ನುವಂತೆ ಅವರು ತಲೆಯಾಡಿಸಿದರು. ನಾನು ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪರದೆ ಸರಿಸಿ ಮತ್ತೆ ಮುಂದಕ್ಕೆ ಬಂದೆ. ಸೀಟು ಈಗ ಇನ್ನೂ ಅಗಲವಾಗಿ ಕಂಡಿತು. ಹಿಮದ ಬೆಟ್ಟಗಳು ಇದ್ದವೋ ಇಲ್ಲವೋ ನೆನಪಿಲ್ಲ. ನನ್ನನ್ನು ಬಿಟ್ಟರೆ ಗತಿಯಿಲ್ಲ ಎಂದುಕೊಂಡಿದ್ದ ಮನುಷ್ಯನಿಗೆ ಶಾಲು ಹೊದ್ದ ಯಾರಾದರೂ ಸಾಕು ಎಂದು ಗೊತ್ತಾದ ಮೇಲೆ ಬೆಟ್ಟ ನೋಡುವ ಮನಸ್ಸು ಎಲ್ಲಿ ಬರಬೇಕು? ನನಗೆ ನಿಜವಾಗಿ ದುಃಖವಾಯಿತು.

ಗುವಾಹಟಿಯಲ್ಲಿ ಇಳಿದು ಸಾಮಾನಿಗೆ ಕಾಯುತ್ತಿದ್ದಾಗ ನಮ್ಮವರು ಬಂದರು. ಮುಖ ಅರಳಿತ್ತು, ಕೂದಲು ಕೆದರಿತ್ತು. "ಎಂಥಾ ನಿದ್ದೆ ಗೊತ್ತಾ ವಿಜೀ! ವಿಮಾನದಲ್ಲಿ ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಲಗಿರಲಿಲ್ಲ."

"ಕಂಡೆ. ನನ್ನ ಭುಜದ ಮ್ಯಾಲೆ ಇಷ್ಟು ವರ್ಷ ಏನ್ ಮಾಡತಿದ್ರಿ ಹಂಗಾರ?"

ಅವರು ಸ್ವಲ್ಪ ತಡವರಿಸಿದರು. ಸಾಮಾನು ಬರುವ ಬೆಲ್ಟಿನ ಕಡೆ ನೋಡಿದರು. "ಬೇಜಾರು ಮಾಡ್ಕೋಬೇಡ. ನಿನ್ನ ಭುಜ ಒಂಚೂರು ಚುಚ್ಚುತ್ತೆ ಕಣೇ. ಮೂಳೆ."

"ಚುಚ್ಚತದ? ಮತ್ತ ದಿನಾ ಬಂದು ತಲಿ ಇಡತಿದ್ರಲ್ಲ!"

"ನಾನೆಲ್ಲಿ ಇಟ್ಟೆ? ಮದುವೆಯಾಗಿ ಮೊದಲನೇ ಸಲ ಕಲ್ಕತ್ತಾಗೆ ಬಂದ್ವಲ್ಲ, ಆರ್‌ಎಸಿ ಸೀಟು, ಇಬ್ಬರಿಗೂ ಒಂದೇ ಬರ್ತು. ನಾನು ಕಿಟಕಿ ಸರಳಿಗೆ ಒರಗಿ ಆರಾಮಾಗಿ ತೂಕಡಿಸ್ತಿದ್ದೆ. ನೀನೇ ಎಳೆದು ಭುಜದ ಮೇಲೆ ಇಟ್ಕೊಂಡೆ. ಹೊಸ ಹೆಂಡತಿ, ಪ್ರೀತಿಯಿಂದ ಇಟ್ಕೊಂಡಿದಾಳೆ, ತೆಗೆದರೆ ನೊಂದ್ಕೋತಾಳೆ ಅಂತ ಸುಮ್ಮನಿದ್ದೆ. ಆಮೇಲೆ ನಿನಗೆ ಅದು ಇಷ್ಟ ಅಂದ್ಕೊಂಡು ಪ್ರತಿ ಸಲಾನೂ ಇಟ್ಟೆ. ಎಷ್ಟೋ ಸಲ ನಿದ್ದೇನೇ ಬಂದಿರ್ತಿರಲಿಲ್ಲ. ಕಣ್ಣು ಮುಚ್ಕೊಂಡಿರ್ತಿದ್ದೆ, ಅಷ್ಟೇ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಭುಜದ ನೋವು, ವ್ಯಾಯಾಮದ ಹುಡುಗಿಯಿಂದ ಒತ್ತಿಸಿಕೊಂಡದ್ದು, ನಾನು ಹಲ್ಲು ಕಚ್ಚಿಕೊಂಡು ಕಳೆದ ಪ್ರಯಾಣಗಳು, ಅತ್ತ ಅವರ ಕೆನ್ನೆಗೆ ಚುಚ್ಚಿದ ನನ್ನ ಮೂಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಷ್ಟು ಕಾಲ ಒಬ್ಬರನ್ನೊಬ್ಬರು ನೋಯಿಸಿಕೊಂಡು ಬಂದಿದ್ದೆವು. ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಅಷ್ಟರಲ್ಲಿ ನಮ್ಮ ಪೆಟ್ಟಿಗೆ ಬಂತು, ಅಳು ಹಿಂದೆ ಸರಿಯಿತು. "ಮುಂದಿನ ಸಲಾನೂ ನೀನು ಮುಂದೇನೇ ಕೂತ್ಕೋ" ಎಂದರು ಪೆಟ್ಟಿಗೆ ಎಳೆಯುತ್ತ. ಔದಾರ್ಯದಿಂದಲೇ ಹೇಳಿದರು, ಅದೇ ಕಷ್ಟ.

ಸಭೆಯಲ್ಲಿ ನಾನೇನು ಮಾತಾಡಿದೆನೋ ದೇವರೇ ಬಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೋಲ್ಕತ್ತಾದ ಆಫೀಸಿಗೆ ಫೋನು ಮಾಡಿ, ವಾಪಸು ಟಿಕೆಟ್ಟನ್ನು ಹಿಂದಿನ ಸಾಲಿಗೆ ಬದಲಾಯಿಸಿ ಎಂದೆ. ಆ ಕಡೆಯವರಿಗೆ ಅರ್ಥವಾಗಲಿಲ್ಲ. "ಮ್ಯಾಡಮ್, ಆಪ್ ತೋ ಎನ್‌ಟೈಟಲ್ಡ್ ಹೈ" ಎಂದರು. ಹಕ್ಕಿದೆ ಎಂಬುದು ನನಗೂ ಗೊತ್ತು, ಬದಲಾಯಿಸಿ ಎಂದೆ. ಗಂಡನಿಗೆ ಮಾತ್ರ, ಆ ಸೀಟು ನನ್ನ ಬೆನ್ನಿಗೆ ಒಗ್ಗಲಿಲ್ಲ ಎಂದು ಹೇಳಿದೆ.

ಹಿಂದಿರುಗುವಾಗ ನಾನು ಕಿಟಕಿಗೆ, ಅವರು ನಡುವೆ, ಆ ತುದಿಗೆ ದಪ್ಪ ಜಾಕೆಟ್ಟಿನ ಒಬ್ಬ ಯುವಕ. ಎಲ್ಲ ಬಯಲಾದ ಮೇಲೆ ಇಬ್ಬರಿಗೂ ವಿಪರೀತ ಸಂಕೋಚ. ಅವರು ಸಂದರ್ಶನಕ್ಕೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು. ನಾನೂ ಹಾಗೆಯೇ. "ನಿನಗೆ ಜಾಗ ಆಯ್ತಾ?" ಎಂದು ಅವರು, "ಆತರಿ, ನಿಮಗ?" ಎಂದು ನಾನು. ಮದುವೆಗೆ ಮುಂಚೆ ನೋಡಲು ಬಂದಾಗಲೂ ನಾವು ಇಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ. ಕೆಳಗೆ ಬ್ರಹ್ಮಪುತ್ರ ಮರಳಿನ ನಡುವೆ ಹೆಣಿಗೆ ಬಿಚ್ಚಿದ ಜಡೆಯಂತೆ ಹರಡಿಕೊಂಡು ಹೋಗುತ್ತಿತ್ತು. ಮೋಡ ಬಂದು ಅದನ್ನು ಮುಚ್ಚಿತು. ಸದ್ದು ಜೋಗುಳವಾಯಿತು. ನಮ್ಮವರ ಕಣ್ಣು ಭಾರವಾಯಿತು, ಗದ್ದ ಎದೆಗೆ ಇಳಿಯಿತು, ಎಚ್ಚೆತ್ತು ನೆಟ್ಟಗಾದರು, ಮತ್ತೆ ಇಳಿಯಿತು. ಈ ಸಲ ನಾಟಕವಲ್ಲ, ನಿಜವಾದ ನಿದ್ದೆ. ಆ ತಲೆ ಒಂದು ಕ್ಷಣ ಮಧ್ಯದಲ್ಲಿ ನಿಂತು, ಮೆಲ್ಲಗೆ, ಬಹಳ ಮೆಲ್ಲಗೆ, ದಪ್ಪ ಜಾಕೆಟ್ಟಿನ ಕಡೆಗೆ ವಾಲತೊಡಗಿತು.

ಅದು ಅಲ್ಲಿಗೆ ಮುಟ್ಟುವ ಮೊದಲೇ ನಾನು ಎರಡೂ ಕೈಯಿಂದ ಹಿಡಿದು ಎಳೆದು ಭುಜದ ಮೇಲಿಟ್ಟುಕೊಂಡೆ.

"ಚುಚ್ಚುತ್ತೆ ಕಣೇ," ಎಂದರು ಕಣ್ಣು ಬಿಡದೆ.

"ಚುಚ್ಚಲಿ. ಸುಮ್ಮನ ಮಲಕೋರಿ," ಎಂದೆ.

ಕೋಲ್ಕತ್ತಾ ಬರುವವರೆಗೂ ನನ್ನ ಭುಜ ನೋಯುತ್ತಿತ್ತು. ಅವರ ಕೆನ್ನೆಯೂ ನೋಯುತ್ತಿದ್ದಿರಬೇಕು. ಇಬ್ಬರೂ ಅಲುಗಾಡಲಿಲ್ಲ.