ಫ್ಲ್ಯಾಶ್ ಹೊಡೆಸಿಕೊಂಡ ಮಹನೀಯರು

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಮೇಲೆ ನಾನು ನಾಟಕ ನೋಡಲು ಹೋಗಿಲ್ಲ. ನಾಟಕವೇ ದಿನಾ ಬಾಗಿಲು ನೂಕಿಕೊಂಡು ಒಳಗೆ ಬರುತ್ತದೆ. ನನ್ನ ಹೊಟ್ಟೆಪಾಡು ಫ್ಲ್ಯಾಶಿಂಗ್. ಕಂಪನಿ ಹೆಸರು ತೋರಿಸಿಕೊಂಡು ಅಲ್ಲೇ ನಿಂತುಬಿಟ್ಟ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯ ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ತುಂಬುವ ಕೆಲಸ. ಫೋನು ಬದುಕುತ್ತದೆ, ಒಳಗಿದ್ದ ಫೋಟೋ, ನಂಬರು ಎಲ್ಲ ಹೋಗುತ್ತವೆ. ಇದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತೇನೆ. ಹತ್ತೂ ಜನ ತಲೆಯಾಡಿಸುತ್ತಾರೆ. ಅರ್ಥವಾಯಿತು ಅಂತಲ್ಲ, ಬೇಗ ಮುಗಿಸು ಅಂತ.

ಎಂಬತ್ತು ಸಾಕು

ಸಂತೆಬಾಚಹಳ್ಳಿ ಕಡೆಯ ಯಜಮಾನರೊಬ್ಬರ ಫೋನನ್ನು ಫ್ಲ್ಯಾಶಿಗೆ ಹಾಕಿದ್ದೆ. "ಮುಗಿಯೋಗಂಟ ಮುಟ್ಬೇಡಿ ಯಜಮಾನ್ರೆ, ಮಧ್ಯದಲ್ಲಿ ಕೇಬಲ್ ಕಿತ್ರೆ ಫೋನು ಸತ್ತೋಯ್ತದೆ" ಎಂದು ಎರಡೆರಡು ಸಲ ಹೇಳಿ, ಪಕ್ಕದ ಹೋಟೆಲಿಗೆ ಟೀ ಹೇಳಿ ಬಂದೆ. ಅಷ್ಟರಲ್ಲಿ ಕೇಬಲ್ಲು ಮೇಜಿನ ಮೇಲಿತ್ತು, ಫೋನು ಅವರ ಜೇಬಿನಲ್ಲಿತ್ತು.

"ಅಯ್ಯೋ, ಯಾಕ್ ಕಿತ್ರಿ?"

"ಬಸ್ಸು ಬಂತು ಕಣಪ್ಪ. ಕಂಪ್ಯೂಟರ್‌ನಲ್ಲಿ ಎಂಬತ್ತು ಪರ್ಸೆಂಟ್ ತೋರಿಸ್ತಿತ್ತಲ್ಲ, ಸಾಕು ಬುಡು. ಮಿಕ್ಕಿದ್ನ ಮನೇಲಿ ಚಾರ್ಜಿಗೆ ಆಕ್ಕೊತೀನಿ."

ಚೀನಾದ ನೆಮ್ಮದಿ

ಇದು ನನ್ನದೇ ಪ್ರತಾಪ. ನಾಗಮಂಗಲ ಕಡೆಯ ಒಬ್ಬರ ಫೋನಿಗೆ ಅವಸರದಲ್ಲಿ ಚೀನಾದ ಫೈಲು ತುಂಬಿಬಿಟ್ಟೆ, ಪರದೆ ತುಂಬ ಚೀನೀ ಅಕ್ಷರ. ಫೋನು ಆನ್ ಆದದ್ದೇ ತಡ, ಅವರು ಎತ್ತಿಕೊಂಡು ಹೊರಟೇ ಹೋದರು. ನನಗೆ ವಾರವೆಲ್ಲ ಅಳುಕು. ಎಂಟನೇ ದಿನ ಅವರು ಫೋನಿಗೆ ಕವರ್ ಕೊಳ್ಳಲು ಬಂದರು. "ಕೊಡಿ, ಭಾಷೆ ಸರಿ ಮಾಡ್ಕೊಡ್ತೀನಿ" ಎಂದು ಕೈ ಚಾಚಿದೆ.

ಫೋನನ್ನು ಎದೆಗೆ ಅವುಚಿಕೊಂಡರು. "ಬ್ಯಾಡ ಕಣಣ್ಣ! ಮೊದ್ಲು ನಾನು ಮಲಗೋದೇ ಕಾಯ್ಕೊಂಡಿದ್ದು ನಮ್ಮನೆಯವ್ಳು ಎಲ್ಲಾ ತಗ್ದು ನೋಡೋಳು. ಈಗ ವಾರದಿಂದ ತಿಣುಕ್ತಾವ್ಳೆ, ಎಲ್ಲಿ ಏನೈತೆ ಅಂತಾನೇ ಗೊತ್ತಾಯ್ತಿಲ್ಲ."

"ನಿಮ್ಗೆ ಗೊತ್ತಾಯ್ತದಾ?"

"ನಂಗೆ ಮೊದ್ಲೂ ಗೊತ್ತಾಯ್ತಿರ್ಲಿಲ್ಲ ಬುಡು."

ಪಂಚಾಯ್ತಿಗೆ ಹೋದ ಸಾಕ್ಷಿ

ನಮ್ಮೂರಿನ ಅಣ್ಣ ತಮ್ಮಂದಿರಿಬ್ಬರ ವ್ಯಾಜ್ಯ. ಅಣ್ಣನ ಗದ್ದೆಗೆ ಇರುವುದೊಂದೇ ದಾರಿ, ಅದೂ ತಮ್ಮನ ಜಮೀನಿನ ಮೇಲೆ. ದಾರಿ ಬಿಡುತ್ತೇನೆ ಎಂದು ಒಪ್ಪಿದ್ದ ತಮ್ಮ, ಅಣ್ಣನ ಕಬ್ಬು ಕಟಾವಿಗೆ ಬಂದ ಹೊತ್ತಿಗೆ ಸರಿಯಾಗಿ ಮುಳ್ಳುತಂತಿ ಎಳೆದ. ಒಪ್ಪಿದ ಮಾತು ಅಣ್ಣನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಸಂಜೆ ಪಂಚಾಯ್ತಿ ಇಟ್ಟುಕೊಂಡಿದ್ದರೆ ಬೆಳಿಗ್ಗೆಯೇ ಫೋನು ನಿಂತುಹೋಯಿತು. ಫೋನಿಗೂ ದಾಯಾದಿ ಬುದ್ಧಿ!

"ಎಂಗಾರಾ ಮಾಡಿ ರೆಕಾರ್ಡಿಂಗ್ ಉಳ್ಸು ಕಣ್ಲಾ. ಇಲ್ದಿದ್ರೆ ಕಬ್ಬು ಗದ್ದೇಲೇ ಒಣಗೋಯ್ತದೆ" ಎಂದರು ಅಣ್ಣ. ಕಣ್ಣಲ್ಲಿ ನೀರಿತ್ತು. ಮಧ್ಯಾಹ್ನದವರೆಗೂ ಒದ್ದಾಡಿದೆ. ಫ್ಲ್ಯಾಶ್ ಹೊಡೆಯದೆ ಗತಿಯಿರಲಿಲ್ಲ. ಅವರನ್ನು ಕೇಳಿಯೇ ಹೊಡೆದೆ. ಫೋನು ಎದ್ದಿತು, ರೆಕಾರ್ಡಿಂಗ್ ಹೋಯಿತು. ನನಗೆ ನಿಜಕ್ಕೂ ಸಂಕಟವಾಯಿತು. ಅವರು ಫೋನು ಜೇಬಿಗಿಟ್ಟುಕೊಂಡು ಎದ್ದರು.

ಸಂಜೆ ನಾನೂ ಹೋಗಿದ್ದೆ. ತಮ್ಮ "ನಾನೆಲ್ಲಿ ಒಪ್ಪಿದ್ದೆ?" ಎಂದ. ಅಣ್ಣ ಆ ಖಾಲಿ ಫೋನನ್ನು ಎಲ್ಲರ ನಡುವೆ ಇಟ್ಟು, "ರೆಕಾರ್ಡಿಂಗ್ ಆಕ್ಬುಡ್ಲಾ? ಎಲ್ರೂ ಕೇಳುಸ್ಕೊಳ್ಳಿ ಅಂತೀಯಾ?" ಎಂದರು.

ತಮ್ಮನ ಮುಖ ಸಣ್ಣಗಾಯಿತು. "ಬ್ಯಾಡ ಬುಡಣ್ಣ, ಒಪ್ಪಿದ್ದೆ. ದಾರಿ ಬುಡ್ತೀನಿ." ಮರುದಿನವೇ ತಂತಿ ಕಿತ್ತ, ಕಬ್ಬಿನ ಟ್ರಾಕ್ಟರು ಸಾಗಿತು.

ಅದಾಗಿ ಎರಡು ದಿನಕ್ಕೆ ತಮ್ಮ ನನ್ನ ಅಂಗಡಿಗೆ ಬಂದ. ಅವನ ಫೋನು ನೆಟ್ಟಗೇ ಇತ್ತು.

"ಏನ್ಲಾ ಆಗೈತೆ ಇದ್ಕೆ?"

"ಏನೂ ಆಗಿಲ್ಲ. ಎಮ್ಮೆ ಯಾಪಾರದಲ್ಲಿ ನಮ್ ಭಾವ ಮಾತು ತಪ್ಪವ್ನೆ, ನಾಡಿದ್ದು ಪಂಚಾಯ್ತಿ. ನಮ್ಮಣ್ಣನ ಫೋನ್‌ಗೆ ಅದೇನ್ ತುಂಬ್ಕೊಟ್ಯೋ, ನಂದ್ಕೂ ಅದ್ನೇ ತುಂಬ್ಕೊಡು."

ಒಂದಕ್ಷರವೂ ಹೆಚ್ಚುಕಡಿಮೆ ಆಗದಂತೆ ಅದನ್ನೇ ತುಂಬಿಕೊಟ್ಟೆ.