ಮುಷ್ಟಿಯೊಳಗಿನ ಸದ್ದು

ರಸ್ಕನ್ನು ಚಹಾದಲ್ಲಿ ಅದ್ದಿಕೊಂಡು ತಿಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದೊಡ್ಡ ಮಿಸ್ ಅವಸರದಲ್ಲಿ ಹಾಗೇ ಕಚ್ಚಿದರು. ಮುಂದಿನ ಕಟ್ಟಿಸಿದ ಹಲ್ಲು ಕಳಚಿ ತಟ್ಟೆಯಲ್ಲಿ ಟಣ್ಣೆಂದಿತು.

ಬೇರೆ ದಿನವಾಗಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಡುತ್ತಿದ್ದರೇನೋ. ಇಂದು ಶಿಶುವಿಹಾರದಲ್ಲಿ ಪೋಷಕರ ಎದುರು ಅವರ ಪಾಠ. ಪದದ ಕೊನೆಯ ವ್ಯಂಜನದ ಸದ್ದನ್ನು ಮಕ್ಕಳು ಗುರುತಿಸಿದರೆ ಮಿಸ್ ಉಳಿಯುತ್ತಾರೆ. ಇಲ್ಲವಾದರೆ ಹೆಡ್ ಮೇಡಂ ತರಿಸಿಟ್ಟಿರುವ ಮಾತಾಡುವ ಪೆಟ್ಟಿಗೆ ಅವರ ಜಾಗಕ್ಕೆ ಬರುತ್ತದೆ. ಆಯಾ ಗುಂಡಿ ಒತ್ತಿದರೆ ಸಾಕು, ಅದು ಚಿತ್ರ ತೋರಿಸಿ ಪದ ಹೇಳುತ್ತದೆ. ಕೆಮ್ಮುವುದಿಲ್ಲ, ರಜೆ ಕೇಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮಿಸ್ ಮನೆಯಲ್ಲಿ ಮಾತಿಗೊಂದು ಜೀವವಿಲ್ಲ. ಆ ಮಕ್ಕಳ ಗಲಾಟೆ ಕಿವಿಗೆ ಬೀಳದ ದಿನ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ.

ಪಾಠವೂ ಸುಲಭದ್ದಲ್ಲ. ನಮ್ಮ ಬಾಯಿಗೆ 'ಬಸ್' ಎಂಬುದನ್ನು 'ಬಸ್ಸು', 'ಪೆನ್' ಎಂಬುದನ್ನು 'ಪೆನ್ನು' ಎಂದು ಬಾಲ ಹಚ್ಚದೆ ಸಮಾಧಾನವಿಲ್ಲ. ಆ ಬಾಲ ಕತ್ತರಿಸುವಷ್ಟರಲ್ಲಿ ಮಿಸ್‌ಗೆ ಸಾಕುಸಾಕಾಗಿತ್ತು. ಅದಕ್ಕಾಗಿ ಅವರೇ ಒಂದು ಆಟ ಕಟ್ಟಿದ್ದರು. ಮಕ್ಕಳು ಕಣ್ಣು ಮುಚ್ಚಬೇಕು. ಮಿಸ್ ಪದ ಹೇಳಿದೊಡನೆ ಅದರ ಕೊನೆಯ ಸದ್ದನ್ನು ಗಾಳಿಯಲ್ಲೇ ಗಬಕ್ಕನೆ ಮುಷ್ಟಿಯಲ್ಲಿ ಹಿಡಿಯಬೇಕು, ಮುಷ್ಟಿಯನ್ನು ಕಿವಿಗಿಟ್ಟುಕೊಂಡು ಒಳಗೇನಿದೆಯೆಂದು ಹೇಳಬೇಕು. ನಿಯಮ ಒಂದೇ: ಗೊತ್ತಿರುವುದನ್ನು ಹೇಳುವಂತಿಲ್ಲ, ಕೇಳಿಸಿದ್ದನ್ನೇ ಹೇಳಬೇಕು.

ಹಲ್ಲಿನ ಡಾಕ್ಟರು ಬಾಗಿಲು ತೆರೆಯುವುದು ಸಂಜೆಗೆ. ಮಿಸ್ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಇಳಿದಿತ್ತು. ಕೆಳಮನೆಯ ದರ್ಜಿ ಅಂಟಿನ ಟ್ಯೂಬು ಹಿಡಿದು ನಿಂತಿದ್ದ. ಕುರ್ಚಿಯ ಕಾಲೇ ಇದರಲ್ಲಿ ನಿಂತಿದೆ, ಹಲ್ಲು ಯಾವ ಲೆಕ್ಕ ಎಂದ. ಎದುರುಮನೆಯಾಕೆ ಅವನನ್ನು ಗದರಿ ಓಡಿಸಿ, ಮೇಣದಬತ್ತಿ ಹಚ್ಚಿ, ಕರಗಿದ ಮೇಣ ಸ್ವಲ್ಪ ಆರಿದ ಮೇಲೆ ಅದರಿಂದ ಹಲ್ಲನ್ನು ಮಿಸ್ ಬಾಯಲ್ಲಿ ಕೂರಿಸಿ ಒತ್ತಿ ಹಿಡಿದಳು. ಇವತ್ತೊಂದು ದಿನ ನಗಬೇಡಿ ಅಕ್ಕ ಎಂದು ಬುದ್ಧಿಯನ್ನೂ ಹೇಳಿದಳು. ನಗುವ ಯೋಚನೆ ಮಿಸ್‌ಗೆ ಇರಲೇ ಇಲ್ಲ.

ಶಾಲೆಯವರೆಗೂ ಹಲ್ಲು ಮರ್ಯಾದೆಯಿಂದ ಕೂತಿತ್ತು. ಅಲ್ಲಿ ಹಾಡು ಕಲಿಸುವ ಕಿರಿಯ ಮಿಸ್ ಇವರ ಬಾಡಿದ ಮುಖ ಕಂಡು ಮರುಗಿ, ಬೇಡ ಬೇಡವೆಂದರೂ ಬಿಡದೆ ಕುದಿಯುವ ಚಹಾ ಕುಡಿಸಿದಳು. ಬಿಚ್ಚಿ ಹೇಳಲು ಬಾಯಿ ತೆರೆಯಬೇಕು, ತೆರೆದರೆ ಹಲ್ಲಿನ ಭಯ. ಮಿಸ್ ಸುಮ್ಮನೆ ಕುಡಿದರು.

ಪೋಷಕರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಮಿಸ್ 'ಕಪ್' ಎಂದರು. ಮುಷ್ಟಿಗಳು ಮೇಲೆದ್ದವು, ಕಿವಿಗೆ ಹೋದವು, 'ಪ್' ಎಂದು ಉತ್ತರ ಬಂತು. 'ಬೆಲ್' ಎಂದರು; 'ಲ್' ಬಂತು. ತಾಯಂದಿರ ಮುಖ ಅರಳಿತು. ಮೂರನೆಯದು 'ಬಸ್'. ಚಹಾಕ್ಕೆ ಮೆತ್ತಗಾಗಿದ್ದ ಮೇಣ ಅಲ್ಲಿಗೆ ಕೈಕೊಟ್ಟಿತು. ಹಲ್ಲು ಹಾರಿ ಹೆಡ್ ಮೇಡಂ ಮಡಿಲಲ್ಲಿ ಬಿತ್ತು, ಪದ 'ಬಶ್' ಎಂದು ಹೊರಟಿತು. ಕಣ್ಣು ಮುಚ್ಚಿದ್ದ ಮಕ್ಕಳಿಗೆ ಇದೇನೂ ಕಾಣಲಿಲ್ಲ. ಎಲ್ಲರೂ ಸೇರಿ 'ಶ್' ಎಂದರು. ಕಿಸಿಕಿಸಿ ನಗುತ್ತಿದ್ದ ಪೋಷಕರು ತಮಗೇ ಹೇಳಿದ್ದೆಂದು ಬಾಯಿ ಮುಚ್ಚಿಕೊಂಡರು.

ಹೆಡ್ ಮೇಡಂ ಹಲ್ಲನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮುಂದುವರಿಸಿ ಎಂದು ಸನ್ನೆ ಮಾಡಿದರು. ಮಿಸ್ ನಾಲಿಗೆಯನ್ನು ಎಷ್ಟು ಬಿಗಿ ಹಿಡಿದರೂ 'ಗ್ಲಾಸ್' ನೆಟ್ಟಗೆ ಬರಲಿಲ್ಲ, 'ಐಸ್' ಬರಲಿಲ್ಲ. ಮಕ್ಕಳು ಪ್ರತಿ ಸಲವೂ 'ಶ್' ಎಂದರು. ಎರಡು ಜಡೆಯ ಹುಡುಗಿಯೊಬ್ಬಳನ್ನು ತಾಯಿ ಹತ್ತಿರ ಎಳೆದುಕೊಂಡಳು.

"ಮನೇಲಿ ಸರಿಯಾಗಿ ಹೇಳ್ತಿದ್ದೆ, ಇಲ್ಲಿ ಏನಾಯ್ತೇ ನಿಂಗೆ?"

"ನನ್ನ ಕೈಯಲ್ಲಿ ಶ್ ಇದೆ ಅಮ್ಮ. ಬೇಕಿದ್ರೆ ನೀನೇ ಕೇಳು," ಎಂದು ಮಗು ಮುಷ್ಟಿಯನ್ನು ತಾಯಿಯ ಕಿವಿಗೆ ಹಿಡಿದು ಬಿಕ್ಕತೊಡಗಿತು.

ಮಿಸ್ ಮಗುವಿನ ಕಡೆಗೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹೆಡ್ ಮೇಡಂ ತೀರ್ಪು ಕೊಟ್ಟೂ ಆಗಿತ್ತು. ಮಕ್ಕಳಿಗೆ ಏನೂ ಬಂದಿಲ್ಲ, ಎಲ್ಲರೂ ಇನ್ನೊಂದು ವರ್ಷ ಇದೇ ಕೋಣೆಯಲ್ಲಿ ಕೂರಬೇಕು. ಮಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ, ತಪ್ಪು ಮಕ್ಕಳದ್ದಲ್ಲ, ತಾನು ಹೇಳಿದ್ದೇ ಹಾಗೆ ಎಂದರು. ಕಲಿಸಿದವರೆಲ್ಲ ಹೇಳುವುದೇ ಇದು ಎಂದು ಮೇಡಂ ಎದ್ದು ನಿಂತರು.

ಆಗ ಮಿಸ್ ಬೇರೇನೂ ಯೋಚಿಸಲಿಲ್ಲ. ಮೂಲೆಗೆ ಹೋಗಿ ಪೆಟ್ಟಿಗೆಯ ಹೊದಿಕೆ ತೆಗೆದರು, ಮಕ್ಕಳಿಗೆ ಕಣ್ಣು ಮುಚ್ಚುವಂತೆ ಸನ್ನೆ ಮಾಡಿ ಗುಂಡಿ ಒತ್ತಿದರು. ಪೆಟ್ಟಿಗೆ ಗಾಜಿನಂಥ ಸ್ಪಷ್ಟ ದನಿಯಲ್ಲಿ 'ಬಸ್' ಎಂದಿತು. ಮಕ್ಕಳು 'ಸ್' ಎಂದರು. ಅದು 'ಗ್ಲಾಸ್' ಎಂದಿತು, 'ಡ್ರಮ್' ಎಂದಿತು, ಮಕ್ಕಳು ಎಂದೂ ಕೇಳಿರದ ಪದಗಳನ್ನೂ ಹೇಳಿತು. ಒಂದೇ ಒಂದು ಸದ್ದು ಮುಷ್ಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಪೋಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ಜಡೆಯವಳ ತಾಯಿ ಮಗಳ ಮುಷ್ಟಿಗೆ ಮುತ್ತಿಟ್ಟಳು. ಮಿಸ್ ಹಲ್ಲಿಲ್ಲದ್ದನ್ನೂ ಮರೆತು ಬಾಯಿತುಂಬ ನಕ್ಕರು, ಕಣ್ಣಲ್ಲಿ ನೀರೂ ಬಂತು.

ಹೆಡ್ ಮೇಡಂ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮಷ್ಟು ಚೆನ್ನಾಗಿ ಕಲಿಸಿದವರನ್ನ ನಾನು ನೋಡೇ ಇಲ್ಲ ಮಿಸ್. ಮಕ್ಕಳ ಕಿವಿ ತಯಾರಾಗಿದೆ. ಇನ್ನು ಇವರಿಗೆ ಪೆಟ್ಟಿಗೆಯೇ ಸಾಕು."

ಹೊಗಳಿಕೆಯೆಂದುಕೊಂಡು ಪೋಷಕರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಹಾಡಿನ ಮಿಸ್ ಒಬ್ಬಳೇ ತಲೆ ತಗ್ಗಿಸಿದಳು.

ಕಣ್ಣು ತೆರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಮಕ್ಕಳು ಮುಂದಿನ ಪದಕ್ಕಾಗಿ ಕೈಯೆತ್ತಿ ಕಾಯುತ್ತಲೇ ಇದ್ದರು. ಹೇಳಬೇಕೆಂದು ಮಿಸ್ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಕೈ ಅಡ್ಡ ಹಿಡಿದು ಮುಚ್ಚಿಕೊಂಡರು. ಕೊನೆಗೆ ಆಯಾ ಬಂದು ಗುಂಡಿ ಒತ್ತಿದಳು. ಮಕ್ಕಳು ಅದನ್ನೂ ಸರಿಯಾಗಿಯೇ ಹೇಳಿದರು.