ವೈರಿಲ್ಲದ ಹೆಡ್‌ಫೋನೂ ನಮ್ಮ ಕಿವಿಗಳೂ

ಟೇಪು, ರೇಡಿಯೊ, ಟಿವಿ ಮಾರುವವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅದೇ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದು ಹೈದರಾಬಾದಿನ ಏಜೆಂಟನ ಜೊತೆ ಬಂತು.

ಅವನು ತಂದದ್ದು ವೈರಿಲ್ಲದ ಹೆಡ್‌ಫೋನು. ಟಿವಿಗೋ ರೇಡಿಯೊಗೋ ಒಂದು ಪುಟ್ಟ ಡಬ್ಬಿ ಜೋಡಿಸಿ, ಹೆಡ್‌ಫೋನಿಗೆ ಸೆಲ್ ಹಾಕಿದರೆ ಮನೆಯಲ್ಲಿ ಎಲ್ಲಿ ಓಡಾಡಿದರೂ ಕಿವಿಯೊಳಗೆ ಹಾಡು. ಮಾಲು ಇಳಿಸುವಾಗಲೇ ಏಜೆಂಟ್ ಮೂಗು ಮುರಿದ.

"ನಿಮ್ಮ ಕಡಿ ಮಂದಿಗೆ ಸೌಂಡ್ ಕ್ವಾಲಿಟಿ ಎಲ್ಲಿ ತಿಳೀತದ್ರಿ? ದೀಪಾವಳಿ ತನಕ ನೋಡ್ತೀನಿ. ಹೋಗಲಿಲ್ಲಂದ್ರ ಮಾಲೂ ವಾಪಸ್, ನಿಮ್ಮ ಏಜೆನ್ಸಿನೂ ವಾಪಸ್."

ನನಗೆ ಮೈಯೆಲ್ಲ ಉರಿಯಿತು. "ಇಟ್ಟು ಹೋಗ್ರಿ. ಮಾರಲಿಲ್ಲಂದ್ರ ನನ್ನ ಹೆಸರು ಬದಲಿ ಮಾಡ್ಕೋತೀನಿ" ಎಂದೆ.

ವಾಡಿ

ಮೊದಲ ಗಿರಾಕಿ ವಾಡಿಯ ಒಬ್ಬ ಫಿಟರ್. ವಾರಕ್ಕೇ ಡಬ್ಬಿ ಸಮೇತ ವಾಪಸ್ ಬಂದ.

"ಸೌಂಡ್ ಒಡೀತದೇನು?"

"ಇಲ್ರಿ, ಭಾಳ ಛಲೋ ಅದ."

"ಕಿವಿ ನೋಯ್ತಾವೇನು?"

"ಹತ್ತಿ ಇದ್ದಂಗ ಅದ್ರಿ."

"ಮತ್ತೇನಪ್ಪಾ?"

"ಬಾಜೂ ಮನಿಯವರಿಗೆ ಕೇಳಸವಲ್ದು. ನಾ ಹೊಸಾದು ತಂದೀನಂತ ಅವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

ಅವನದೂ ತಪ್ಪಲ್ಲ. ನಮ್ಮಲ್ಲಿ ಹೊಸ ಟೇಪು ತಂದರೆ ಓಣಿಗೆಲ್ಲ ಹಾಡು. ಒಬ್ಬನೇ ಕೇಳುವುದೆಂದರೆ ಬಾಗಿಲು ಹಾಕಿಕೊಂಡು ಹೋಳಿಗೆ ತಿಂದ ಹಾಗೆ. ಹಾಗಂತ ಮಾಲು ವಾಪಸ್ ತಗೊಳ್ಳಲೇ? "ಹಾಕ್ಕೊಂಡು ಹೊರಗ ಕಟ್ಟಿ ಮ್ಯಾಲೆ ಕುಂದ್ರು" ಎಂದು ಕಳಿಸಿದೆ. ಮುಂದಿನ ವಾರ ಬಾಜೂ ಮನೆಯವನೇ ಬಂದ.

"ಅವನದ್ದಕಿಂತ ದೊಡ್ಡದು ಕಾಣೋದು ಕೊಡ್ರಿ. ಸೌಂಡ್ ಹ್ಯಾಂಗರೆ ಇರಲಿ."

ಚಿತ್ತಾಪುರ

ಚಿತ್ತಾಪುರದ ಹಿರಿಯ ರೈತರೊಬ್ಬರು ದೊಡ್ಡ ರುಮಾಲು ಸುತ್ತಿಕೊಂಡು ಬಂದರು. ಕೇಳಿಸಲೆಂದು ಡೊಳ್ಳಿನ ಪದ ಹಚ್ಚಿದೆ, ಆದರೆ ಹೆಡ್‌ಫೋನಿನ ಪಟ್ಟಿ ರುಮಾಲಿನ ಮೇಲೆ ಕೂರಲಿಲ್ಲ.

"ರುಮಾಲು ಒಂಚೂರು ತೆಗೀರಿ ಯಜಮಾನ್ರೆ."

"ತಹಶೀಲ್ದಾರ ಮುಂದ ತೆಗದಿಲ್ಲ, ಇದರ ಮುಂದ ತೆಗೀಲೇನು?"

ಏಜೆಂಟನಿಗೆ ಫೋನ್ ಹಚ್ಚಿದೆ. ತಲೆ ಬರಿದಾಗಿರಬೇಕು, ಡಿಸೈನೇ ಹಾಗಿದೆ ಎಂದ. ನನಗೆ ತಡೆಯಲಾಗಲಿಲ್ಲ. "ಡಿಸೈನ್ ಮಾಡಿದವ ಜಗತ್ತಿನಾಗ ತನ್ನದೊಂದೇ ತಲಿ ಅದ ಅಂತ ತಿಳಕೊಂಡಾನೇನು?" ಎಂದು ಫೋನ್ ಕುಕ್ಕಿದೆ.

ಅಷ್ಟರಲ್ಲಿ ಯಜಮಾನರು ಹೆಡ್‌ಫೋನನ್ನು ತಲೆಕೆಳಗು ಮಾಡಿ, ಪಟ್ಟಿಯನ್ನು ಗದ್ದದ ಕೆಳಗೆ ತಂದು, ರುಮಾಲಿನ ತುದಿಯಿಂದ ಕಿವಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಕಿವಿಗೆ ಒತ್ತಿ ಕೂತಿದ್ದಕ್ಕೆ ದಪ್ಪ ಸದ್ದೆಲ್ಲ ಸೋರದೆ ಒಳಗೇ ಉಳಿಯಿತು. ಅವರು ಕಣ್ಣು ಮುಚ್ಚಿ ತೊಡೆ ತಟ್ಟುತ್ತ ಅಂಗಡಿ ನಡುಗುವಂತೆ ಕೂಗಿದರು.

"ಡೊಳ್ಳು ಈಗ ಎದಿಗೆ ಬಡ್ಯಾಕತ್ತದ! ಮುಂದಿನ ಸಲ ಡಬ್ಬಿಯಾಗ ಒಂದು ರುಮಾಲೂ ಇಟ್ಟು ಕಳಸ್ರಿ ಅಂತ ಕಂಪನಿಗೆ ಹೇಳ್ರಿ."

ಸೇಡಂ

ದೀಪಾವಳಿ ಬಂತು, ಏಜೆಂಟನೂ ಬಂದ. ಅವನ ಎದುರಿಗೇ, ನಮ್ಮೂರಿನ ನಿವೃತ್ತ ಮಾಸ್ತರರು ಒಳಗೆ ನುಗ್ಗಿದರು.

"ನಿನ್ನ ಹೆಡ್‌ಫೋನ್ ನಮ್ಮ ಮನಿಗೆ ಬ್ಯಾಡ. ವಾಪಸ್ ತಗೋ!"

ಏಜೆಂಟ್ ನನ್ನ ಮುಖ ನೋಡಿ ನಕ್ಕ. ನನ್ನ ಏಜೆನ್ಸಿ ಹೋಯಿತು ಅಂದುಕೊಂಡೆ.

ಅದನ್ನು ಒಯ್ದಿದ್ದವರು ಮಾಸ್ತರರ ಹೆಂಡತಿ. ಮುಂಜಾನೆ ಮಡಿಯಲ್ಲಿ ಅಡುಗೆ ಮಾಡುವಾಗ ಹೊರಗಿನ ರೇಡಿಯೊ ಮುಟ್ಟುವಂತಿಲ್ಲ, ದೇವರ ಹಾಡು ಬಿಡುವಂತಿಲ್ಲ. ಕಿವಿಯ ಮೆತ್ತೆ ಚರ್ಮದ್ದೇನು ಎಂದು ಹತ್ತು ಸಲ ಕೇಳಿ, ನಾನು ರೆಕ್ಸಿನ್ ಎಂದರೂ ನಂಬದೆ, ಹಳೇ ರೇಷ್ಮೆ ಸೀರೆಯ ಗವಸು ಹೊಲಿದು ಹಾಕಿಕೊಂಡಿದ್ದರು.

"ಸೌಂಡ್ ಛಲೋ ಇಲ್ಲೇನ್ರಿ?" ಎಂದೆ.

"ಅದೇ ತ್ರಾಸು! ಚಹಾ, ಚಹಾ ಅಂತ ಎಷ್ಟು ಒದರಿದ್ರೂ ಆಕಿಗೆ ಕೇಳಸವಲ್ದು."

ಸೋತರೆ ಕಣ್ಣಾರೆ ನೋಡಿಯೇ ಸೋಲೋಣ ಎಂದು ಏಜೆಂಟನನ್ನೂ ಎಳೆದುಕೊಂಡು ಮಾಸ್ತರರ ಹಿಂದೆಯೇ ಅವರ ಮನೆಗೆ ಹೋದೆ. ಆಕೆ ಅಡುಗೆಮನೆಯಲ್ಲಿ ರೇಷ್ಮೆ ಕಿವಿ ಹಾಕಿಕೊಂಡು ನಿಶ್ಚಿಂತೆಯಿಂದ ಕಾಯಿಪಲ್ಯ ಹೆಚ್ಚುತ್ತಿದ್ದರು. ಮೂವರೂ ಹೊಸ್ತಿಲಾಚೆ ನಿಂತು ಕೂಗಿದೆವು. ತಿರುಗಲಿಲ್ಲ. ಕೊನೆಗೆ ಮಾಸ್ತರರು ಸಿಟ್ಟಿನಿಂದ ಪಡಸಾಲೆಗೆ ಹೋದರು. ಕೂಡಲೇ ಆಕೆ ಒಂದು ಕಿವಿ ಸರಿಸಿ ನಮ್ಮತ್ತ ತಿರುಗಿದರು.

ಏಜೆಂಟ್ ಕೈ ಮುಗಿದು ಕೇಳಿದ. "ಸೌಂಡ್ ಹ್ಯಾಂಗದ ಅಮ್ಮಾರೆ?"

"ಸೆಲ್ ಮುಗದು ತಿಂಗಳಾತಪ್ಪಾ. ಆಗಿಂದ ಇನ್ನೂ ಛಲೋ ಅದ. ಯಾರೂ ಕೆಲಸಾ ಹೇಳಲ್ಲ. ಶಹಾಬಾದದಾಗ ನನ್ನ ತಂಗಿ ಇದ್ದಾಳ, ಚಿಂಚೋಳಿಯಾಗ ನಾದಿನಿ. ಇಬ್ಬರಿಗೂ ಒಂದೊಂದು ಕಳಸು. ಸೆಲ್ ಹಾಕಬ್ಯಾಡ."